ಸಾವಿರ ಗಂಟೆಯ ಸರ್ಟಿಫಿಕೇಟು

ನಮ್ಮ ತಾಬುಕನ್ ಬಾರಂಗಾಯಿಯ, ಅಂದರೆ ನಮ್ಮ ಊರ ಪಂಚಾಯಿತಿಯ, ಇತಿಹಾಸದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಕೋರ್ಸಿಗೆ ಹೆಸರು ಕೊಡುವ ಮೊದಲೇ ಪಾಸಾದ. ಆ ಸಾಧನೆಯಲ್ಲಿ ನನ್ನದೂ ಒಂದು ಕೈಯಿದೆ, ಯಾಕೆಂದರೆ ಅಭಿನಂದನೆಯ ಬ್ಯಾನರಿನ ಒಕ್ಕಣೆ ಟೈಪು ಮಾಡಿದವಳು ನಾನೇ. ನಾನು ಬಾರಂಗಾಯಿ ಕಚೇರಿಯ ಕಾರ್ಯದರ್ಶಿ. ಅಪ್ಪ ಅಮ್ಮ ಇಟ್ಟ ಹೆಸರು ನೆನಿತಾ, ಊರವರು ಕರೆಯುವುದು "ಸೆಕ್". ಹದಿನಾರು ವರ್ಷಗಳಿಂದ ಈ ಊರಿನವರ ಸನ್ನಡತೆಗೆ, ಬಡತನಕ್ಕೆ, ಅವರು ಇನ್ನೂ ಬದುಕಿದ್ದಾರೆ ಎನ್ನುವುದಕ್ಕೆ ಸರ್ಟಿಫಿಕೇಟು ಕೊಟ್ಟುಕೊಂಡು ಬಂದಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ಮಾತಾಡಲು ನನಗೆ ಒಂದಿಷ್ಟು ಅಧಿಕಾರ ಇದೆ ಎಂದುಕೊಂಡಿದ್ದೇನೆ.

ಪಾಸಾದವನು ಎಲೆವುಟೇರಿಯೊ ಕತಾಲ್ಬಾಸ್. ಊರಿಗೆಲ್ಲ ನೊಂಗ್ ತೆರ್ಯೊ, ಅಂದರೆ ತೆರ್ಯಣ್ಣ. ಹೈಸ್ಕೂಲಿನ ಎದುರಿಗೆ ಇಪ್ಪತ್ತೆರಡು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಮೇಷ್ಟರಾಗಬೇಕೆಂದು ಇಲೊಇಲೊ ಪಟ್ಟಣದ ಕಾಲೇಜಿಗೆ ಸೇರಿದ್ದ. ಮೂರು ವರ್ಷ ಓದಿ, ಇನ್ನೇನು ಶಾಲೆಗೆ ಹೋಗಿ ಮಕ್ಕಳೆದುರು ನಿಂತು ಪಾಠ ಮಾಡಿ ತೋರಿಸಬೇಕು ಅನ್ನುವಾಗ ಅಪ್ಪ ಹಾಸಿಗೆ ಹಿಡಿದರು. ತೆರ್ಯೊ ಊರಿಗೆ ಬಂದ, ಮಿಷನ್ ಕೊಂಡ, ಅದರ ಪಕ್ಕದಲ್ಲೇ ನಲವತ್ತೇಳು ವರ್ಷದವನಾದ. ಅವನ ಜೊತೆ ಓದಿದವರೆಲ್ಲ ಎದುರಿನ ಶಾಲೆಯಲ್ಲಿ "ಸರ್" ಮತ್ತು "ಮ್ಯಾಮ್" ಆದರು. ಬಡ್ತಿಯ ಕಾಲ ಬಂದಾಗ ತಮ್ಮ ಸರ್ಟಿಫಿಕೇಟುಗಳ ಕಂತೆಯನ್ನು ಅವನ ಮೇಜಿನ ಮೇಲೆ ಬಡಿದು "ಮೂರು ಕಾಪಿ ತೆರ್ಯೊ, ಬೇಗ" ಅನ್ನುತ್ತಿದ್ದರು. ಒಂದೇ ಒಂದು ಸಲ ತರಗತಿಯ ಮುಂದೆ ಮೇಷ್ಟರಾಗಿ ನಿಲ್ಲಬೇಕು ಅನ್ನುವುದು ತೆರ್ಯೊನ ಆಸೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹಾಗಾಗಿ ಊರಿಗೆಲ್ಲ ಗೊತ್ತಿತ್ತು.

ಒಂದು ದಿನ ಪಟ್ಟಣದ ಇಂಗ್ಲಿಷ್ ಅಕಾಡೆಮಿಯೊಂದರ ಜಾಹೀರಾತು ಅವನ ಮಿಷನ್ನಿಗೆ ಬಂತು. ಕೊರಿಯಾದಿಂದ ಇಂಗ್ಲಿಷ್ ಕಲಿಯಲು ಬರುವವರಿಗೆ ಮೇಷ್ಟರು ಬೇಕಾಗಿದ್ದರು. ಹುಟ್ಟುತ್ತಲೇ ಇಂಗ್ಲಿಷಿನಲ್ಲಿ ಅತ್ತ ದೇಶದವರಿಗೆ ಯಾವ ಅರ್ಹತೆಯೂ ಬೇಡ. ಉಳಿದವರು ಪರದೇಶದವರಿಗೆ ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟು ತರಬೇಕು. ತೆರ್ಯೊ ಕೇಳಿದ ಐವತ್ತು ಪ್ರತಿ ತೆಗೆದುಕೊಟ್ಟು, ಐವತ್ತೊಂದನೆಯದನ್ನು ಮಡಚಿ ಜೇಬಿಗಿಟ್ಟ.

ಆಮೇಲೆ ಮೂರು ವಾರ ಅವನು ಸರ್ಟಿಫಿಕೇಟು ಆರಿಸಿದ. ನಾನು ಯಾವುದೋ ಆದೇಶದ ನಕಲು ತೆಗೆಸಲು ಹೋದಾಗ ಮೇಜಿನ ಮೇಲೆ ಏಳೆಂಟು ಬಣ್ಣದ ಕಾಗದ ಹರಡಿಕೊಂಡು ಕೂತಿದ್ದ. ಕೆಲವು ಇಂಟರ್ನೆಟ್ಟಿನಿಂದ ಇಳಿಸಿಕೊಂಡ, ಕೆಲವು ಅಂಚೆಯಲ್ಲಿ ತರಿಸಿಕೊಂಡ ಮಾದರಿಗಳು.

"ಸೆಕ್, ಬಾ ಇಲ್ಲಿ. ಇದ್ರಲ್ಲಿ ಯಾವ್ದು ಲಕ್ಷಣವಾಗಿದೆ ಹೇಳು. ಇದು ನೂರಿಪ್ಪತ್ತು ಗಂಟೆದು. ಇದು ನೂರ ಅರವತ್ತೆಂಟು. ಇದು ನೋಡು ಇದು, ಸಾವಿರ ಗಂಟೆ!"

"ಸಾವಿರ ಗಂಟೆ ಓದೋಕೆ ಎಷ್ಟು ದಿನ ಬೇಕು ನೊಂಗ್?"

"ಎರಡು ದಿನ."

"ಎರಡು ದಿನಕ್ಕೆ ನಲವತ್ತೆಂಟೇ ಗಂಟೆ ಅಲ್ವಾ?"

"ಅದು ನಮ್ಮ ಗಂಟೆ. ಇದು ಇಂಟರ್ನ್ಯಾಷನಲ್," ಎಂದ ತೆರ್ಯೊ. "ರಿಯಾಯಿತಿ ಬೇರೆ ಇದೆ. ಇನ್ನು ಹದಿನಾಲ್ಕೇ ನಿಮಿಷದಲ್ಲಿ ಮುಗಿದುಹೋಗುತ್ತೆ."

"ಹಾಗಾದ್ರೆ ಬೇಗ ತಗೋ, ಇನ್ನೇನ್ ನೋಡ್ತಿದ್ದೀಯ?"

"ಅವಸರ ಏನಿಲ್ಲ. ಮೂರು ವಾರದಿಂದ ಹದಿನಾಲ್ಕೇ ನಿಮಿಷ ಇದೆ. ಪುಣ್ಯಾತ್ಮರು, ನನಗೋಸ್ಕರ ಕಾಯ್ತಿದ್ದಾರೆ ಅಂತ ಕಾಣುತ್ತೆ."

ಅವನಿಗೆ ಪಾಠಪಟ್ಟಿಯ ಚಿಂತೆ ಇರಲಿಲ್ಲ. ಇಪ್ಪತ್ತೆರಡು ವರ್ಷ ಊರಿನ ಸರ್ಟಿಫಿಕೇಟುಗಳನ್ನೆಲ್ಲ ಗಾಜಿನ ಮೇಲೆ ಬೋರಲು ಹಾಕಿದವನು ಸರ್ಟಿಫಿಕೇಟನ್ನು ಅಳೆಯುವುದೇ ಬೇರೆ ರೀತಿ. ಸೀಲು ಉಬ್ಬಿದೆಯೇ, ಅಂಚಿನ ಬಳ್ಳಿ ಮುದ್ರಣದಲ್ಲಿ ಒಡೆಯುತ್ತದೆಯೇ, ರಿಬ್ಬನ್ ನಿಜವಾದದ್ದೋ ಬರೆದದ್ದೋ ಎಂದು ಬೆರಳಿನಲ್ಲಿ ಸವರಿ ನೋಡುತ್ತಿದ್ದ. ಕಂತೆಯ ಅಡಿಯಲ್ಲಿ ಒಂದು ಬರೀ ಬಿಳಿ ಹಾಳೆ ಕಂಡಿತು. ಅದೇನೆಂದು ಕೇಳಿದೆ.

"ಅದಾ? ಅದು ಬಿಡು. ಮನಿಲಾಕ್ಕೆ ಹೋಗಿ ನಾಲ್ಕು ವಾರ ಇರ್ಬೇಕು. ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡ್ಬೇಕು. ಹಿಂದಿನ ಬೆಂಚಲ್ಲಿ ಒಬ್ರು ಕೂತು ನೋಡ್ತಾರಂತೆ. ಬರೀ ನೋಡೋದಲ್ಲ, ತಪ್ಪು ಬರ್ಕೋತಾರಂತೆ! ಅಷ್ಟೆಲ್ಲಾ ಮಾಡಿಸ್ಕೊಂಡು ಕೊಡೋ ಕಾಗದ ನೋಡು. ಸೀಲಿಲ್ಲ, ರಿಬ್ಬನ್ ಇಲ್ಲ, ಈ ಕಡೆಯಿಂದ ಹಿಡಿದ್ರೆ ಆ ಕಡೆ ಕಾಣುತ್ತೆ. ಕೋಳಿ ಅಂಕಕ್ಕೆ ಕೊಡೋ ಟಿಕೆಟ್ಟು ಇದಕ್ಕಿಂತ ದಪ್ಪ ಇರುತ್ತೆ."

ಹಾಗೆಂದು ಅದನ್ನು ಮತ್ತೆ ಕಂತೆಯ ಅಡಿಗೆ ತಳ್ಳಿದ. ಕಾಗದ ತೆಳ್ಳಗಿತ್ತು ನಿಜ. ಆದರೆ ಅವನು ಹೆದರಿದ್ದು ಹಿಂದಿನ ಬೆಂಚಿನಲ್ಲಿ ಕೂರುವವರಿಗೆ. ಅದು ನನಗೆ ಗೊತ್ತಾಯಿತು, ಅವನಿಗೂ ಗೊತ್ತಿತ್ತು.

ಕೊನೆಗೆ ಸಾವಿರ ಗಂಟೆಯದನ್ನೇ ಕೊಳ್ಳುವುದೆಂದು ಮುಕ್ಕಾಲು ಪಾಲು ನಿರ್ಧಾರವಾಯಿತು. ಉಳಿದ ಕಾಲು ಪಾಲು ಲ್ಯಾಮಿನೇಷನ್ನಿನ ಪ್ರಶ್ನೆ. ಚಿನ್ನದ ಬಣ್ಣದ ಸೀಲು ಬಿಸಿಗೆ ಗುಳ್ಳೆ ಏಳುತ್ತದೆಯೋ ಇಲ್ಲವೋ? ಗುಳ್ಳೆ ಏಳುವ ಸರ್ಟಿಫಿಕೇಟನ್ನು ತೆರ್ಯೊ ಯಾಕೆ ತೆಗೆದುಕೊಂಡಾನು? ಮಾದರಿಯನ್ನು ದಪ್ಪ ಕಾಗದಕ್ಕೆ ಇಳಿಸಿ, ಹೆಸರಿನ ಜಾಗ ಖಾಲಿ ಇದ್ದರೆ ಚೆಂದ ಕಾಣುವುದಿಲ್ಲವೆಂದು ತನ್ನ ಹೆಸರನ್ನೇ ಹಾಕಿ, ಸೀಲಿನ ಮೇಲೆ ಚಿನ್ನದ ಹಾಳೆ ಅಂಟಿಸಿ, ಲ್ಯಾಮಿನೇಟ್ ಮಾಡಿದ. ಗುಳ್ಳೆ ಏಳಲಿಲ್ಲ. ಆರಲೆಂದು ಅದನ್ನು ಮೇಜಿನ ಮೇಲೆ ಬಿಟ್ಟು ಟೋನರ್ ತರಲು ಹೋದ. ಅಡ್ಡಡ್ಡಲಾಗಿ ತೆಳು ಬೂದು ಬಣ್ಣದ ದೊಡ್ಡ ಅಕ್ಷರಗಳಲ್ಲಿ "ಮಾದರಿ" ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಇದ್ದೇ ಇತ್ತು.

ಊಟದ ಡಬ್ಬಿ ಹಿಡಿದುಕೊಂಡು ಬಂದವಳು ಲೋಲಾ ಕೊನ್ಸಿಂಗ್, ತೆರ್ಯೊನ ಅತ್ತೆ. ಲೋಲಾ ಅಂದರೆ ಅಜ್ಜಿ, ಊರಿಗೆಲ್ಲ ಅಜ್ಜಿ. ತನ್ನ ಮಗಳು ಲೂಜ್‌ಮಿಂಡಾ ಮನುಷ್ಯನನ್ನು ಮದುವೆಯಾಗಲಿಲ್ಲ, ಒಂದು ಮಿಷನ್ನನ್ನು ಮದುವೆಯಾದಳು ಎಂದು ಇಪ್ಪತ್ತು ವರ್ಷದಿಂದ ಚರ್ಚಿನ ಮೆಟ್ಟಿಲ ಮೇಲೆ ಕೂತು ಹೇಳಿಕೊಂಡು ಬಂದವಳು. ಕನ್ನಡಕವಿಲ್ಲದೆ ಅಕ್ಷರ ಕಾಣದು, ಚಿನ್ನ ಕಾಣುತ್ತದೆ. ಅಳಿಯನ ಹೆಸರು ಅವನ ಅಂಗಡಿಯ ಬೋರ್ಡಿನಲ್ಲಿ ಇದ್ದ ಹಾಗೇ ಅಷ್ಟು ದಪ್ಪಗೆ ಚಿನ್ನದ ಪಕ್ಕದಲ್ಲಿ ಇರುವುದು ಕಂಡಿತು. ಡಬ್ಬಿಯನ್ನು ಮಿಷನ್ನಿನ ಮೇಲಿಟ್ಟು, ಸರ್ಟಿಫಿಕೇಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ನೆಟ್ಟಗೆ ನಮ್ಮ ಕಚೇರಿಗೆ ನಡೆದಳು.

ಅಲ್ಲಿ ನಮ್ಮ ಬಾರಂಗಾಯಿಯ ಮುಖ್ಯಸ್ಥ ಕ್ಯಾಪ್ಟನ್ ನೊನೊಯ್ ಸುಮಗಾಯ್ಸಾಯ್ ಬಹಳ ಬೇಸರದಲ್ಲಿ ಕೂತಿದ್ದರು. ನಮ್ಮ ಕಡೆ ಯಾರಾದರೂ ದೊಡ್ಡ ಪರೀಕ್ಷೆ ಪಾಸಾದರೆ ಮನೆಯವರು ಆನಂದಬಾಷ್ಪ ಒರೆಸಿಕೊಳ್ಳುವ ಮೊದಲೇ ರಸ್ತೆಯಲ್ಲಿ ಬ್ಯಾನರ್ ಏಳಬೇಕು. ಬ್ಯಾನರಿನಲ್ಲಿ ಪಾಸಾದವರಿಗಿಂತ ದೊಡ್ಡದಾಗಿ ಕ್ಯಾಪ್ಟನ್ನರ ಮುಖ ಇರಬೇಕು. ಚುನಾವಣೆಗೆ ಮೂರು ತಿಂಗಳಿತ್ತು. ಆದರೆ ಆ ವರ್ಷ ನರ್ಸಿಂಗ್ ಪರೀಕ್ಷೆಗೆ ಕೂತ ನಮ್ಮೂರಿನ ಮೂವರೂ ಬಿದ್ದಿದ್ದರು. ಕ್ಯಾಪ್ಟನ್ನರ ಮುಖ ಹಾಕಲು ಒಂದು ನೆಪವೂ ಇರಲಿಲ್ಲ.

ಲೋಲಾ ಟವೆಲ್ ಬಿಚ್ಚಿದಳು. ಕ್ಯಾಪ್ಟನ್ ಎದ್ದು ನಿಂತರು.

"ಇಂಟರ್ನ್ಯಾಷನಲ್! ಲೋಲಾ, ಇದು ಇಂಟರ್ನ್ಯಾಷನಲ್! ಸೆಕ್, ಟೈಪ್ ಮಾಡು!"

ನಾನು ಬಗ್ಗಿ ನೋಡಿದೆ. "ಕ್ಯಾಪ್, ಇದ್ರ ಮೇಲೆ ಅಡ್ಡಡ್ಡ ಏನೋ ಬರೆದಿದೆ. ಮಾದರಿ ಅಂತ."

"ಅದು ನೋಟಲ್ಲಿ ಇರುತ್ತಲ್ಲ, ಹಾಗೆ. ಬೆಳಕಿಗೆ ಹಿಡಿದ್ರೆ ಕಾಣೋದು. ಅಸಲಿಗೆ ಮಾತ್ರ ಇರುತ್ತೆ ಅದು."

"ನೋಟಲ್ಲಿ ಮಾದರಿ ಅಂತ ಬರೆದಿರಲ್ಲ ಕ್ಯಾಪ್."

"ಸೆಕ್, ನೀನು ಎಷ್ಟು ಇಂಟರ್ನ್ಯಾಷನಲ್ ಸರ್ಟಿಫಿಕೇಟ್ ನೋಡಿದ್ದೀಯ?"

ನೋಡಿರಲಿಲ್ಲ. ಅದೂ ಅಲ್ಲದೆ ನನ್ನ ಕೆಲಸ ಕ್ಯಾಪ್ಟನ್ನರ ಇಷ್ಟದ ಮೇಲೆ ನಿಂತದ್ದು. ಟೈಪು ಮಾಡಿದೆ. ಇದರಲ್ಲಿ ನನ್ನ ಬಗ್ಗೆ ಒಳ್ಳೆಯದು ಹೇಳುವಂಥದ್ದೇನೂ ಇಲ್ಲ.

ಮಾರನೆಯ ಬೆಳಿಗ್ಗೆ ಹೈಸ್ಕೂಲಿನ ಎದುರು ಎರಡು ಕಂಬಗಳ ನಡುವೆ ಬ್ಯಾನರ್ ಏರಿತು. ಹನ್ನೆರಡು ಅಡಿ ಅಗಲ. ನಡುವೆ ಕ್ಯಾಪ್ಟನ್, ನಗುತ್ತ. ಪಕ್ಕದಲ್ಲಿ ಕ್ಯಾಪ್ಟನ್ನರ ಹೆಂಡತಿ. ಕೆಳಗೆ ಸಾಲಾಗಿ ಏಳು ಮಂದಿ ಸದಸ್ಯರು. ಇವರೆಲ್ಲರೂ ಸೇರಿ ಅಭಿನಂದಿಸುತ್ತಿದ್ದ ಎಲೆವುಟೇರಿಯೊ ಕತಾಲ್ಬಾಸ್ ಬಲಗಡೆ ಮೂಲೆಯಲ್ಲಿ, ಗುರುತಿನ ಚೀಟಿಗೆ ತೆಗೆದ ಫೋಟೋದಲ್ಲಿ, ಬೆಚ್ಚಿ ನೋಡುತ್ತಿದ್ದ. ಹಗ್ಗ ಕಟ್ಟುವ ತೂತು ಸರಿಯಾಗಿ ಅವನ ಹಣೆಯ ಮೇಲೆ ಬಿದ್ದಿತ್ತು. "ತಾಬುಕನ್ನಿನ ಹೆಮ್ಮೆ! ಅಂತರರಾಷ್ಟ್ರೀಯ ಇಂಗ್ಲಿಷ್ ಶಿಕ್ಷಕ!"

ಅಂಗಡಿ ತೆರೆಯಲು ಬಂದ ತೆರ್ಯೊ ಬ್ಯಾನರ್ ನೋಡಿದ. ಇನ್ಯಾರೋ ತನ್ನ ಹೆಸರಿನವನು ಪಾಸಾಗಿದ್ದಾನೆಂದು ಮೊದಲು ಸಂತೋಷಪಟ್ಟನಂತೆ. ಆಮೇಲೆ ಫೋಟೋ ನೋಡಿ ಕಚೇರಿಗೆ ಓಡಿ ಬಂದ.

"ಕ್ಯಾಪ್, ದಯವಿಟ್ಟು ಇಳಿಸಿಬಿಡಿ. ನಾನಿನ್ನೂ ಏನೂ ಪಾಸ್ ಮಾಡಿಲ್ಲ. ಯಾವ ಕೋರ್ಸ್ ಅಂತಲೇ ತೀರ್ಮಾನ ಆಗಿಲ್ಲ. ಅದು ಬರೀ ಗುಳ್ಳೆ ನೋಡೋಕೆ ಮಾಡಿದ್ದು!"

ಕ್ಯಾಪ್ಟನ್ ಅಲ್ಲಿದ್ದವರ ಕಡೆ ತಿರುಗಿದರು. "ನೋಡಿದ್ರಾ? ದೊಡ್ಡವರಾಗ್ತಾ ಆಗ್ತಾ ತಲೆ ತಗ್ಗುತ್ತೆ ಮನುಷ್ಯಂದು. ಏನೂ ಪಾಸ್ ಮಾಡಿಲ್ವಂತೆ! ನಮ್ಮ ನರ್ಸಿಂಗ್ ಹುಡುಗಿಯರು ಕಲಿತುಕೊಳ್ಳಲಿ ಇದನ್ನ."

"ಕ್ಯಾಪ್, ನಿಜ ಹೇಳ್ತಿದ್ದೀನಿ."

"ನಿಜ ಹೇಳೋರು ಹೀಗೇ ಹೇಳೋದು," ಎಂದು ಕ್ಯಾಪ್ಟನ್ ಅವನ ಭುಜ ತಟ್ಟಿದರು.

ಅಂದಿನಿಂದ ತೆರ್ಯೊ ಎಷ್ಟು ಸಲ ಇಲ್ಲ ಎಂದನೋ ಅಷ್ಟು ಮೆಟ್ಟಿಲು ಮೇಲೇರಿದ. ಪಾಸಾದವನು ಊಟ ಹಾಕಿಸಬೇಕೆಂಬುದು ನಮ್ಮಲ್ಲಿ ಕಾನೂನಿಗಿಂತ ಗಟ್ಟಿ. ಅಂದು ಮಧ್ಯಾಹ್ನವೇ ಹದಿನೆಂಟು ಮಂದಿ ತಟ್ಟೆ ಸಮೇತ ಬಂದರು. ಲೂಜ್‌ಮಿಂಡಾ ಅಷ್ಟೂ ಜನಕ್ಕೆ ಶಾವಿಗೆ ಪಾನ್ಸಿತ್ ಮಾಡಿ ಬಡಿಸುತ್ತಾ, ಪ್ರತಿ ತಟ್ಟೆಗೂ ಒಂದೊಂದು ಸಲ ಗಂಡನ ಮುಖ ನೋಡಿದಳು. ಇಬ್ಬರು ತಮ್ಮ ಮಗುವಿನ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗು ಎಂದರು. ಬ್ಯಾನರಿನಲ್ಲಿ ಇರುವವನು ಧರ್ಮತಂದೆಯಾದರೆ ಮಗುವಿಗೆ ಮುಂದೆ ಅನುಕೂಲವಂತೆ. ಗಿರಾಕಿಗಳು ಮಾತು ಬಿಟ್ಟು ಬೆರಳಿನಲ್ಲಿ ಪ್ರತಿಗಳ ಸಂಖ್ಯೆ ತೋರಿಸತೊಡಗಿದರು. ಮೀನು ಮಾರುವವಳಂತೂ ದೂರದಿಂದಲೇ ಮೂಗು ಹಿಡಿದುಕೊಂಡು, "ನೊಂಗ್, ಇವತ್ತು ಇಂಗ್ಲಿಷ್ ಬೇಡ, ನನ್ನ ಮೂಗಿಂದ ರಕ್ತ ಸುರಿದೀತು!" ಎಂದು ಕೂಗಿದಳು. ಕಷ್ಟದ ಇಂಗ್ಲಿಷ್ ಕಿವಿಗೆ ಬಿದ್ದರೆ ಮೂಗಿನಲ್ಲಿ ರಕ್ತ ಬರುತ್ತದೆಂಬುದು ನಮ್ಮ ಕಡೆಯ ಹಳೆಯ ತಮಾಷೆ. ಅವನು ಅವಳ ಹತ್ತಿರ ಯಾವತ್ತೂ ಇಂಗ್ಲಿಷ್ ಮಾತಾಡಿರಲಿಲ್ಲ, ಬಂಗಡೆ ಮೀನು ಕೇಳುತ್ತಿದ್ದ ಅಷ್ಟೆ.

ಎಲ್ಲಕ್ಕಿಂತ ವಿಚಿತ್ರ ಲೋಲಾ ಕೊನ್ಸಿಂಗಳದು. ಅಳಿಯನಿಗೆ ಮೀನಿನ ತಲೆ ಬಡಿಸುತ್ತಿದ್ದವಳು ನಡುವಿನ ತುಂಡು ಬಡಿಸತೊಡಗಿದಳು. "ನಾನು ಮೊದಲೇ ಹೇಳಿದ್ದೆ, ಇವನು ಹುಟ್ಟಾ ಮೇಷ್ಟರು ಅಂತ," ಎಂದು ಅದೇ ಚರ್ಚಿನ ಮೆಟ್ಟಿಲ ಮೇಲೆ ಕೂತು ಹೇಳಿದಳು.

ಗುರುವಾರ ಅಕಾಡೆಮಿಯಿಂದಲೇ ಫೋನ್ ಬಂತು, ನಮ್ಮ ಕಚೇರಿಗೆ. ಕ್ಯಾಪ್ಟನ್ ತಮ್ಮ ಮುಖದ ಬ್ಯಾನರನ್ನು ಫೇಸ್‌ಬುಕ್ಕಿನಲ್ಲಿ ಹಾಕಿದ್ದರು. ಅದು ಅಕಾಡೆಮಿಯ ಯಜಮಾನಿ ಮೇಡಂ ಬೆಕ್ ಎಂಬ ಕೊರಿಯನ್ ಹೆಂಗಸಿನ ಕಣ್ಣಿಗೆ ಬಿದ್ದಿತ್ತು. ಅವಳಿಗೆ ತುರ್ತಾಗಿ ಒಬ್ಬ ಮೇಷ್ಟರು ಬೇಕಾಗಿತ್ತು. ಪಾಠ ಮಾಡುವುದನ್ನು ನೋಡಬೇಕು ಎಂದಳು. ಕ್ಯಾಪ್ಟನ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಭಾನುವಾರ ಬಾರಂಗಾಯಿಯ ಮಹಾಸಭೆ ಇದೆ, ಅಲ್ಲಿಗೇ ಬನ್ನಿ, ಇಡೀ ಊರಿನ ಎದುರು ಪಾಠ ಮಾಡಿಸುತ್ತೇವೆ ಎಂದುಬಿಟ್ಟರು.

ಮಾರನೆಯ ದಿನ ನಾನು ಸುದ್ದಿ ಹೇಳಲು ಹೋದಾಗ ತೆರ್ಯೊನ ಮುಖ ಬಿಳಿ ಹಾಳೆಯಾಯಿತು.

ಲೂಜ್‌ಮಿಂಡಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇದಕ್ಕೆ ಯಾಕೆ ಅಷ್ಟು ಯೋಚನೆ? ಆ ಸಾವಿರ ಗಂಟೇದು ಎರಡು ದಿನದಲ್ಲಿ ಸಿಗುತ್ತೆ ಅಂದ್ಯಲ್ಲ. ಇವತ್ತು ಶುಕ್ರವಾರ. ಈಗ ಕೂತ್ರೆ ಭಾನುವಾರಕ್ಕೆ ಕೈಗೆ ಬರುತ್ತೆ. ಬ್ಯಾನರ್ ನಿಜ ಆಗುತ್ತೆ, ನಾನು ಹಾಕಿದ ಪಾನ್ಸಿತ್ ನಿಜ ಆಗುತ್ತೆ. ಕೂತ್ಕೋ!"

ತೆರ್ಯೊ ಕಂಪ್ಯೂಟರಿನ ಮುಂದೆ ಕೂತ. ರಿಯಾಯಿತಿಗೆ ಇನ್ನೂ ಹದಿನಾಲ್ಕು ನಿಮಿಷ ಇತ್ತು. ಹೆಸರು ತುಂಬಿದ, ಅಳಿಸಿದ. "ನೂರ ಅರವತ್ತೆಂಟರ ಸೀಲು ಸ್ವಲ್ಪ ಗಂಭೀರವಾಗಿತ್ತಲ್ವಾ?" ಎಂದ. ಹೆಂಡತಿ ಏನೋ ಅಂದಳು, ಅದನ್ನು ಇಲ್ಲಿ ಬರೆಯುವುದು ಬೇಡ. ಮತ್ತೆ ಹೆಸರು ತುಂಬಿದ. ಗಂಟಲು ಸರಿಮಾಡಿಕೊಂಡ. ಹೆಬ್ಬೆಟ್ಟು ಒತ್ತುವವನ ಹಾಗೆ ಬೆರಳನ್ನು ಮೇಲೆತ್ತಿ ಗುಂಡಿಯ ಮೇಲೆ ಇಳಿಸಿದ. ಆ ಕ್ಷಣದಲ್ಲಿ ಕರೆಂಟು ಹೋಯಿತು.

ನಮ್ಮ ದ್ವೀಪದಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಯಾವಾಗ ಬರುತ್ತದೆಂದು ವಿದ್ಯುತ್ ಕಚೇರಿಗೂ ತಿಳಿಯುವುದಿಲ್ಲ. ಅದು ಬಂದದ್ದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಮಹಾಸಭೆಯ ಮೈಕ್ "ಹಲೋ, ಹಲೋ" ಅನ್ನುವ ಹೊತ್ತಿಗೆ.

ಸಭೆ ಬಾಸ್ಕೆಟ್‌ಬಾಲ್ ಅಂಗಳದ ತಗಡಿನ ಚಾವಣಿಯ ಕೆಳಗೆ. ಮುಂದಿನ ಸಾಲಿನಲ್ಲಿ ಲೋಲಾ ಕೊನ್ಸಿಂಗ್, ಮದುವೆಗೆ ಹಾಕುವ ಅಂಗಿ ಹಾಕಿಕೊಂಡು. ಅವಳ ಪಕ್ಕದಲ್ಲಿ ಮೇಡಂ ಬೆಕ್, ಮೊಣಕಾಲ ಮೇಲೆ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು. ಕ್ಯಾಪ್ಟನ್ ನಲವತ್ತು ನಿಮಿಷ ತಮ್ಮ ಆಡಳಿತದಲ್ಲಿ ಆದ ಚರಂಡಿಗಳ ಬಗ್ಗೆ ಹೇಳಿ, ಅದರ ಮುಂದುವರಿಕೆಯಾಗಿ ತೆರ್ಯೊನನ್ನು ವೇದಿಕೆಗೆ ಕರೆದರು.

"ಇಂಗ್ಲಿಷಲ್ಲೇ ಮಾತಾಡು," ಎಂದು ಕಿವಿಯಲ್ಲಿ ಹೇಳಿ ಮೈಕ್ ಕೊಟ್ಟರು.

ತೆರ್ಯೊ ಮೈಕ್ ಹಿಡಿದ. ಆಮೇಲೆ ಆ ಮನುಷ್ಯ ನಿಜ ಹೇಳತೊಡಗಿದ, ಒಳ್ಳೆಯ, ಸ್ಪಷ್ಟವಾದ ಇಂಗ್ಲಿಷಿನಲ್ಲಿ.

"ಗೌರವಾನ್ವಿತ ಕ್ಯಾಪ್ಟನ್ನರೇ, ನೆರೆಹೊರೆಯವರೇ. ನನ್ನ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ."

ಭಾರಿ ಚಪ್ಪಾಳೆ.

"ನೀವು ನೋಡಿದ್ದು ಒಂದು ಮಾದರಿ. ಅದನ್ನು ನಾನೇ ನನ್ನ ಅಂಗಡಿಯಲ್ಲಿ ಮಾಡಿದೆ."

ಶಿಳ್ಳೆ. ಲೋಲಾ ಕೊನ್ಸಿಂಗ್ ಕಣ್ಣೊರೆಸಿಕೊಂಡಳು.

"ನಾನು ಯಾವ ಪರೀಕ್ಷೆಯನ್ನೂ ಪಾಸು ಮಾಡಿಲ್ಲ. ಇದುವರೆಗೂ ಒಂದು ದಿನವೂ ಪಾಠ ಮಾಡಿಲ್ಲ."

ಕ್ಯಾಪ್ಟನ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏಳು ಮಂದಿ ಸದಸ್ಯರೂ ಎದ್ದರು, ಆಮೇಲೆ ಊರೇ ಎದ್ದಿತು. ನಮ್ಮ ಜನಕ್ಕೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಮನೆಯಲ್ಲಿ ಟಿವಿ ನೋಡುವಾಗ ಎಲ್ಲ ತಿಳಿಯುತ್ತದೆ. ಆದರೆ ವೇದಿಕೆಯ ಮೇಲಿಂದ ಬರುವ ಇಂಗ್ಲಿಷನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ, ಮಾತು ನಿಂತ ಕಡೆ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ತಟ್ಟದೆ ಕೂತವರು ಇಬ್ಬರೇ. ನಾನು, ಮತ್ತು ಮೇಡಂ ಬೆಕ್.

ತೆರ್ಯೊ ಸದ್ದು ನಿಲ್ಲುವವರೆಗೂ ಕಾದ. ಆಮೇಲೆ ನಮ್ಮ ಭಾಷೆಯಲ್ಲಿ, ಮೀನು ಕೇಳುವ ದನಿಯಲ್ಲಿ ಹೇಳಿದ: "ನಾನು ಸುಳ್ಳು ಮೇಷ್ಟ್ರು ಕಣ್ರಪ್ಪ. ಅದು ಜೆರಾಕ್ಸ್ ಅಂಗಡಿಲಿ ಮಾಡಿದ ಕಾಗದ. ಬ್ಯಾನರ್ ಇಳಿಸಿ."

ಆಗ ಊರು ಕೇಳಿಸಿಕೊಂಡಿತು.

ಮೊದಲು ಮಾತು ಬಂದದ್ದು ಶಾವಿಗೆ ತಿಂದವರಲ್ಲಿ ಒಬ್ಬನಿಗೆ. "ಈಗ ಹೇಳ್ತೀಯಲ್ಲ ನೊಂಗ್! ನನ್ನ ಮಗುಗೆ ನೀನು ಧರ್ಮತಂದೆ ಅಂತ ಪಾದ್ರಿ ಹತ್ರ ಬರೆಸಿಬಿಟ್ಟಿದ್ದೀನಿ!"

ಕ್ಯಾಪ್ಟನ್ ಮೈಕಿಗೆ ಅಂಗೈ ಮುಚ್ಚಿ ಹಲ್ಲು ಕಚ್ಚಿದರು. ಅಂಗೈ ಸರಿಯಾಗಿ ಮುಚ್ಚಿರಲಿಲ್ಲ, ಎಲ್ಲರಿಗೂ ಕೇಳಿಸಿತು. "ನಿಜ ಹೇಳು ಅಂತ ನಿಂಗೆ ಯಾರಯ್ಯಾ ಹೇಳಿದ್ದು? ಚುನಾವಣೆ ಆದ್ಮೇಲೆ ಹೇಳೋಕೆ ಆಗ್ತಿರ್ಲಿಲ್ವಾ?"

ಲೋಲಾ ಕೊನ್ಸಿಂಗ್ ಎದ್ದು, ಕುರ್ಚಿಯನ್ನು ತಿರುಗಿಸಿ, ಅಳಿಯನಿಗೆ ಬೆನ್ನು ಹಾಕಿ ಕೂತಳು. ತೆರ್ಯೊ ಮೈಕನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲ ಕಡೆ ಹೊರಟ. ನನಗೆ ಅವನ ಮುಖ ನೋಡಲಾಗಲಿಲ್ಲ.

"ನಿಲ್ಲಿ," ಎಂದಳು ಮೇಡಂ ಬೆಕ್. "ನಾನು ಬಿಸಿಲಲ್ಲಿ ಒಂದೂವರೆ ಗಂಟೆ ಜನ ತುಂಬಿದ ಜೀಪ್ನಿ ಗಾಡಿಯಲ್ಲಿ ಕೂತು ಬಂದಿದ್ದೀನಿ. ಪಾಠ ನೋಡೋಕೆ ಬಂದಿದ್ದೀನಿ. ಪಾಠ ಮಾಡಿ."

ಕ್ಯಾಪ್ಟನ್ನರ ತಲೆ ಚುರುಕಾಯಿತು. ಬ್ಯಾನರ್ ಉಳಿಸಿಕೊಳ್ಳಲು ಇದೊಂದು ದಾರಿ ಕಂಡಿತು. ಏಳು ಮಂದಿ ಸದಸ್ಯರನ್ನು ಬೆಂಚಿನ ಮೇಲೆ ಕೂರಿಸಿ, "ನೀವೆಲ್ಲ ಕೊರಿಯಾದವರು. ಯಾರಿಗೂ ಇಂಗ್ಲಿಷ್ ಬರಲ್ಲ. ತಿಳೀತಾ?" ಎಂದು ಅಪ್ಪಣೆ ಮಾಡಿದರು. ಸದಸ್ಯರಿಗೆ ಅದು ಕಷ್ಟವಾಗಲಿಲ್ಲ.

ತೆರ್ಯೊ ಪಾಠ ಮಾಡಿದ. ಅಂಗಡಿಗೆ ಹೋಗಿ ಸಾಮಾನು ಕೇಳುವುದು ಹೇಗೆ ಎಂಬ ಪಾಠ. ಮೊದಲ ಹತ್ತು ನಿಮಿಷ ಬಹಳ ಕೆಟ್ಟದಾಗಿತ್ತು. ಆಮೇಲೆ ಸದಸ್ಯ ಗೊರಿಯೊ "ಇದು ಎಷ್ಟು" ಅನ್ನುವುದರ ಬದಲು "ನಾನು ಎಷ್ಟು" ಎಂದ. ಅದು ನಟನೆಯಲ್ಲ, ನಿಜವಾಗಿ ತಪ್ಪಿದ್ದ. ತೆರ್ಯೊ ಸುಮ್ಮನೆ ಅವನ ಮುಂದೆ ಒಂದು ಬಾಳೆಹಣ್ಣು ಹಿಡಿದ. ಗೊರಿಯೊ ಹಣ್ಣನ್ನು ನೋಡಿದ, ತನ್ನನ್ನು ನೋಡಿಕೊಂಡ, ಸರಿಯಾಗಿ ಹೇಳಿದ. ತೆರ್ಯೊನ ಮುಖ ಅಷ್ಟು ಅರಳಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಬೆನ್ನು ಹಾಕಿ ಕೂತಿದ್ದ ಲೋಲಾ ಕೂಡ ಒಂದು ಸಲ ಕತ್ತು ತಿರುಗಿಸಿದಳು.

ಮುಗಿದ ಮೇಲೆ ಮೇಡಂ ಬೆಕ್ ಪುಸ್ತಕ ಮುಚ್ಚಿದಳು. "ಚೆನ್ನಾಗಿಲ್ಲ. ಕೆಟ್ಟದಾಗಿಯೂ ಇಲ್ಲ. ನೀವು ಸುಳ್ಳು ಹೇಳಲ್ಲ, ಅದು ಒಳ್ಳೆಯದು. ಕೆಲಸ ಕೊಡ್ತೀನಿ. ಬುಧವಾರದೊಳಗೆ ಒಂದು ಸರ್ಟಿಫಿಕೇಟ್ ತನ್ನಿ."

ತೆರ್ಯೊ ಕೇಳಿದ. "ಯಾವುದು ಮೇಡಂ? ನೂರಿಪ್ಪತ್ತು ಗಂಟೇದೋ, ನೂರ ಅರವತ್ತೆಂಟೋ..."

"ಯಾವುದಾದರೂ. ಕೊಳ್ಳಿ, ತನ್ನಿ. ಗೋಡೆಗೆ ಹಾಕಬೇಕು. ವಿದ್ಯಾರ್ಥಿಗಳ ತಂದೆತಾಯಿ ಗೋಡೆ ನೋಡ್ತಾರೆ."

"ನೀವು ನೋಡಲ್ವಾ?"

"ಯಾರು ಓದ್ತಾರೆ ಅದನ್ನ?" ಎಂದಳು ಮೇಡಂ ಬೆಕ್, ನಿಜಕ್ಕೂ ಆಶ್ಚರ್ಯಪಟ್ಟು.

ಊರಿಗೆ ಹೋದ ಜೀವ ಬಂತು. ಕ್ಯಾಪ್ಟನ್ ತೆರ್ಯೊನನ್ನು ತಬ್ಬಿಕೊಂಡರು. ಲೂಜ್‌ಮಿಂಡಾ ಅವನ ಕೈ ಹಿಡಿದು, "ನಡಿ, ಕರೆಂಟ್ ಇದೆ, ಈಗಲೇ ಕೊಂಡುಬಿಡು," ಎಂದಳು. ಧರ್ಮತಂದೆ ಬೇಕಾಗಿದ್ದವನು ಸಮಾಧಾನವಾಗಿ ಸಿಗರೇಟು ಹುಡುಕಿದ. ಅಷ್ಟು ದಿನ ಒಂದು ಸೀಲನ್ನು ಆರಿಸಲಾರದೆ ಒದ್ದಾಡಿದ ಮನುಷ್ಯ ಎಲ್ಲರ ನಡುವೆ ನಿಂತು ಕೆಂಪಾದ.

"ಯಾರೂ ಓದದೇ ಇರೋ ಕಾಗದ ನಂಗೆ ಬೇಡ," ಎಂದ.

"ಅಯ್ಯೋ, ಬರೀ ಗೋಡೆಗೆ ಕಣಯ್ಯಾ!" ಎಂದರು ಕ್ಯಾಪ್ಟನ್.

"ಗೋಡೆಗೆ ಹಾಕೋ ಕಾಗದ ನಾನು ಇಪ್ಪತ್ತೆರಡು ವರ್ಷದಿಂದ ಮಾಡ್ತಿದ್ದೀನಿ ಕ್ಯಾಪ್. ಎಷ್ಟು ಬೇಕು ಹೇಳಿ, ಇವತ್ತೇ ಮಾಡಿಕೊಡ್ತೀನಿ. ನಾನು ಮನಿಲಾಕ್ಕೆ ಹೋಗ್ತೀನಿ. ಆ ನಾಲ್ಕು ವಾರದ್ದಕ್ಕೆ."

"ಅದ್ರಲ್ಲಿ ಫೇಲ್ ಮಾಡ್ತಾರಂತಲ್ಲ ನೊಂಗ್!" ಎಂದೆ ನಾನು.

"ಹೌದು, ಮಾಡ್ತಾರೆ," ಎಂದ.

ಮೇಡಂ ಬೆಕ್ ಭುಜ ಕುಣಿಸಿ ಜೀಪ್ನಿ ಹತ್ತಿದಳು. ನಾಲ್ಕು ವಾರ ಕಾಯುವ ಮಾತೇ ಆಡಲಿಲ್ಲ. ಬುಧವಾರದ ಹೊತ್ತಿಗೆ ಆ ಕೆಲಸಕ್ಕೆ ಬೀಚಿನಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದ ಒಬ್ಬ ಪರದೇಶದವನು ಸೇರಿದನೆಂದು ಆಮೇಲೆ ಕೇಳಿದೆವು. ಅವನ ಹತ್ತಿರ ಯಾವ ಕಾಗದವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ತೆರ್ಯೊ ಅಂಗಡಿಯಲ್ಲಿದ್ದ ಎರಡು ಮಿಷನ್ನುಗಳಲ್ಲಿ ಒಂದನ್ನು ಮಾರಿ ಮನಿಲಾದ ಹಡಗು ಹತ್ತಿದ. ಲೂಜ್‌ಮಿಂಡಾ ಮೂರು ದಿನ ಮಾತು ಬಿಟ್ಟವಳು ಬಂದರಿಗೆ ಹೋಗುವಾಗ ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ಲೋಲಾ ಮತ್ತೆ ಚರ್ಚಿನ ಮೆಟ್ಟಿಲಿಗೆ ಹೋಗಿ, ತನ್ನ ಮಗಳ ಗಂಡನಿಗೆ ಸಿಕ್ಕಿದ ಕೆಲಸವನ್ನು ಒದ್ದು ಓಡಿಹೋಗುವ ಕಾಯಿಲೆ ಇದೆ ಎಂದು ಹೇಳತೊಡಗಿದಳು.

ಎಂಟನೆಯ ದಿನ ಬೆಳಿಗ್ಗೆ ಅಂಗಡಿಗೆ ಅವನ ಫೋನ್ ಬಂತು. ನಾನು ಅಲ್ಲೇ ಇದ್ದೆ. ಕ್ಯಾಪ್ಟನ್ ಚುನಾವಣೆಯ ಕರಪತ್ರ ತೆಗೆಸುತ್ತಿದ್ದರು, ಲೋಲಾ ಊಟ ತಂದಿದ್ದಳು. ಲೂಜ್‌ಮಿಂಡಾ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಲೂಜ್! ನಿನ್ನೆ ನಾನು ಮೊದಲನೇ ಪಾಠ ಮಾಡಿದೆ. ಫೇಲ್ ಆದೆ!"

ಆ ದನಿ ಫೇಲಾದವನ ದನಿಯಂತೆ ಇರಲಿಲ್ಲ.

"ಟ್ಯೂಟರ್ ಒಬ್ಬರು ಹಿಂದೆ ಕೂತಿದ್ರು, ಬಿಳಿ ಕೂದಲಿನ ಹೆಂಗಸು. ನಲವತ್ತು ನಿಮಿಷ ನನ್ನನ್ನೇ ನೋಡಿದ್ರು ಲೂಜ್, ಆಚೀಚೆ ನೋಡಲಿಲ್ಲ. ಎರಡು ಪುಟ ಬರೆದಿದ್ದಾರೆ. ಕೇಳು, ಓದ್ತೀನಿ. ನಲವತ್ತು ನಿಮಿಷದಲ್ಲಿ ಮೂವತ್ತೊಂದು ನಿಮಿಷ ನಾನೇ ಮಾತಾಡಿದೆ. ಬೋರ್ಡಿನ ಮೇಲೆ ಬರೀವಾಗ ಬೋರ್ಡಿನ ಜೊತೆನೇ ಮಾತಾಡಿದೆ. 'ಅರ್ಥ ಆಯ್ತಾ' ಅಂತ ಹನ್ನೊಂದು ಸಲ ಕೇಳಿದೆ. ಹನ್ನೊಂದು ಸಲವೂ ಎಲ್ರೂ ಹೌದು ಅಂದ್ರು, ಯಾರಿಗೂ ಅರ್ಥ ಆಗಿರ್ಲಿಲ್ಲ. ಕಿಟಕಿ ಹತ್ರ ಒಬ್ಬ ಮುದುಕ ಪೆನ್ನಿಲ್ಲದೆ ಕೂತಿದ್ದ, ನಾನು ನೋಡಲೇ ಇಲ್ಲ..."

"ಎಷ್ಟು ಧೈರ್ಯ ಅವಳಿಗೆ!" ಎಂದು ಲೋಲಾ ಕೊನ್ಸಿಂಗ್ ಎದ್ದು ನಿಂತಳು. ಅಳಿಯನನ್ನು ಬಯ್ಯುವ ಹಕ್ಕು ತನ್ನೊಬ್ಬಳದೆಂದು ಅವಳು ತಿಳಿದಿದ್ದಳು.

ಕ್ಯಾಪ್ಟನ್ ಫೋನಿನ ಕಡೆ ಬಗ್ಗಿದರು. "ತೆರ್ಯೊ, ನಾನು ಕ್ಯಾಪ್ಟನ್. ಹೆದರಬೇಡ. ಬಾರಂಗಾಯಿಯ ಕಡೆಯಿಂದ ಒಂದು ಖಂಡನಾ ಪತ್ರ ಕಳಿಸ್ತೀನಿ. ಇಡೀ ಊರು ನಿನ್ನ ಹಿಂದೆ..."

"ಬೇಡ ಕ್ಯಾಪ್, ಅವರು ಬರೆದಿದ್ದೆಲ್ಲಾ ನಿಜ. ಆ ಮುದುಕನಿಗೆ ಇವತ್ತು ನಾನೇ ಪೆನ್ ತಗೊಂಡು ಹೋಗ್ತಿದ್ದೀನಿ."

"ಅದೆಲ್ಲಾ ಇರಲಿ, ನೀನು ನನ್ನ ಮಾತು ಸ್ವಲ್ಪ ಕೇಳು. ಚುನಾವಣೆ ಹತ್ತಿರ ಬಂತು..."

"ಕ್ಲಾಸಿಗೆ ಹೊತ್ತಾಯ್ತು ಕ್ಯಾಪ್," ಎಂದ ತೆರ್ಯೊ. ಕ್ಯಾಪ್ಟನ್ನರ ಮಾತು ಇನ್ನೂ ಬಾಯಲ್ಲಿ ಇರುವಾಗಲೇ ಫೋನ್ ಇಟ್ಟುಬಿಟ್ಟ.